ಪಾರ್ಕಿನಲ್ಲಿ ಜೊರೊ, ಸರ್ಕಾರಿ ಕಚೇರಿ ಮುಂದೆ ಲೂಫಿ

ನಮ್ಮ ವಿಧಾನಸೌಧದ ಮುಂದೆ ಕಾಮಿಕ್ಸ್ ಹೀರೋ ಒಬ್ಬನ ಕಂಚಿನ ಪ್ರತಿಮೆ ನಿಲ್ಲಿಸಿದರೆ ಏನಾಗಬಹುದು, ಸುಮ್ನೆ ಯೋಚಿಸಿ ನೋಡಿ. ಟಿವಿಯಲ್ಲಿ ಒಂದು ವಾರ ಚರ್ಚೆ ಗ್ಯಾರಂಟಿ. ಜಪಾನಿನ ಕುಮಾಮೊತೊದಲ್ಲಿ ಅದು ಆಗಿದೆ, ಯಾರೂ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಇಲ್ಲಿನ ಪ್ರಾಂತ ಸರ್ಕಾರದ ಕಚೇರಿ ಆವರಣದಲ್ಲಿ 2018ರ ನವೆಂಬರಿನಿಂದ ಲೂಫಿ ನಿಂತಿದ್ದಾನೆ. ಹುಲ್ಲಿನ ಟೋಪಿ, ಕಾಲಿಗೆ ಚಪ್ಪಲಿ, ಕಿವಿಯವರೆಗೂ ನಗು. ಫೈಲು ಹಿಡಿದ ನೌಕರರು ಅವನ ಪಕ್ಕದಲ್ಲೇ ನಡೆದುಹೋಗುತ್ತಾರೆ. ಮಕ್ಕಳನ್ನು ಕರೆತಂದವರು ಫೋಟೋಗೆ ಸಾಲಾಗಿ ನಿಲ್ಲುತ್ತಾರೆ.

ಲೂಫಿ 'ಒನ್ ಪೀಸ್' ಎಂಬ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸ್‌ನ, ನಾಯಕ. 1997ರ ಜುಲೈನಲ್ಲಿ ವಾರಪತ್ರಿಕೆಯೊಂದರಲ್ಲಿ ಶುರುವಾದ ಕಡಲ್ಗಳ್ಳರ ಸಾಹಸದ ಕಥೆ ಅದು. ಪುಸ್ತಕಗಳ ಸಂಖ್ಯೆ ನೂರು ದಾಟಿದೆ, ಕಥೆ ಇನ್ನೂ ಮುಗಿದಿಲ್ಲ. ಅದನ್ನು ಬರೆಯುವ ಎಯಿಚಿರೊ ಓದಾ ಇದೇ ಕುಮಾಮೊತೊದಲ್ಲಿ 1975ರಲ್ಲಿ ಹುಟ್ಟಿದವರು. 2016ರ ಏಪ್ರಿಲ್ 14ರಂದು ಇಲ್ಲಿ ದೊಡ್ಡ ಭೂಕಂಪವಾಯಿತು. ಜನ ಉಸಿರು ಬಿಡುವಷ್ಟರಲ್ಲಿ 16ರಂದು ಅದಕ್ಕಿಂತ ಜೋರಾಗಿ ಇನ್ನೊಂದು. ಊರು ಮತ್ತೆ ಎದ್ದು ನಿಲ್ಲಲಿ ಎಂದು ಓದಾ ಕೊಟ್ಟದ್ದು 80 ಕೋಟಿ ಯೆನ್. ಅದರ ನೆನಪಿಗೆ ಮೊದಲು ಲೂಫಿಯ ಪ್ರತಿಮೆ ಬಂತು. ಆಮೇಲೆ ಅವನ ಹಡಗಿನ ಸಂಗಡಿಗರು ಭೂಕಂಪಕ್ಕೆ ಸಿಕ್ಕ ಊರುಗಳಿಗೆ ಒಬ್ಬೊಬ್ಬರಾಗಿ ಹಂಚಿಹೋದರು. ಮನೆಗಳು ಅತಿ ಹೆಚ್ಚು ಬಿದ್ದ ಮಶಿಕಿ ಪಟ್ಟಣಕ್ಕೆ ಅಡುಗೆಯವ ಸಾಂಜಿ. ಹಳಿ ಕಿತ್ತುಹೋಗಿದ್ದ ಚಿಕ್ಕ ರೈಲು ಮಾರ್ಗದ ಕೊನೆಯ ಸ್ಟೇಷನ್ ಇರುವ ತಕಮೊರಿಗೆ ಹಡಗು ಕಟ್ಟುವ ಬಡಗಿ ಫ್ರಾಂಕಿ. ಒಟ್ಟು 10 ಪ್ರತಿಮೆ.

ಲೂಫಿಯ ಬಲಗೈಯಂಥ ಕತ್ತಿವೀರ ಜೊರೊ ಸಿಕ್ಕಿದ್ದು ಓಜು ಪಟ್ಟಣಕ್ಕೆ, 2022ರಲ್ಲಿ. ನನ್ನ ಮನೆ ಇರುವುದು ಆ ಕಡೆಗೇ. ಪಕ್ಕದ ಕಿಕುಯೊದಲ್ಲಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಚಿಪ್ ಕಾರ್ಖಾನೆಯ ಸುದ್ದಿ ನೀವೂ ಓದಿರುತ್ತೀರಿ. ಚಿಪ್ ಕೆಲಸದ ನೆಪದಲ್ಲೇ ನಾನೂ ಇಲ್ಲಿಗೆ ಬಂದದ್ದು. ಜೊರೊಗೆ ದಿಕ್ಕೇ ಗೊತ್ತಾಗುವುದಿಲ್ಲ ಎನ್ನುವುದು ಕಥೆಯುದ್ದಕ್ಕೂ ಬರುವ ತಮಾಷೆ. ನೆಟ್ಟಗೆ ಒಂದೇ ದಾರಿ ಇದ್ದರೂ ತಪ್ಪಿಸಿಕೊಳ್ಳುವ ಗಿರಾಕಿ. ಅಂಥವನು ಲೂಫಿಯಿಂದ ಇಷ್ಟು ದೂರ ಪಾರ್ಕೊಂದರಲ್ಲಿ ಒಂಟಿಯಾಗಿ ನಿಂತಿದ್ದಾನೆಂದರೆ, ದಾರಿ ತಪ್ಪಿಯೇ ಬಂದಿರಬೇಕು ಅನ್ನಿಸುತ್ತದೆ.

ಓದುವ ಚಟ ಹತ್ತಿಸಿದವರು ಆಫೀಸಿನ ಒಬ್ಬ ಹಿರಿಯರು. "ನಿಮ್ಮ ಜಪಾನೀಸ್ ಮೀಟಿಂಗಿಗೆ ಸಾಕು, ಜಗಳಕ್ಕೆ ಸಾಲದು. ಇದನ್ನು ಓದಿ" ಎಂದು ಮೊದಲ ಪುಸ್ತಕ ಕೊಟ್ಟರು. ಹುಡುಗರಿಗಾಗಿ ಬರುವ ಮಾಂಗಾದಲ್ಲಿ ಕಷ್ಟದ ಅಕ್ಷರಗಳ ಪಕ್ಕದಲ್ಲೇ ಓದುವ ರೀತಿಯನ್ನೂ ಚಿಕ್ಕದಾಗಿ ಅಚ್ಚು ಹಾಕಿರುತ್ತಾರೆ. ನಮ್ಮಂಥವರಿಗೆ ಅದೊಂದು ವರ. ಬಲದಿಂದ ಎಡಕ್ಕೆ ಓದುವುದು ಬೇಗ ರೂಢಿಯಾಗುತ್ತದೆ. ರೂಢಿಯಾಗಲು ಟೈಮ್ ಹಿಡಿದದ್ದು ಲೂಫಿ–ಜೊರೊ ಸಂಬಂಧ.

ನಮಗೆ ನಿಷ್ಠೆ ಎಂದರೆ ಥಟ್ಟನೆ ನೆನಪಾಗುವುದು ಧಣಿ ಮತ್ತು ಬಂಟ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ಕೇಳಿ ಬೆಳೆದವರು ನಾವು. ದುರ್ಯೋಧನನ ಅನ್ನದ ಋಣಕ್ಕೆ ಕರ್ಣ ಜೀವ ಕೊಟ್ಟ. ಇವರಿಬ್ಬರೂ ಹಾಗೇ ಇರಬೇಕು ಎಂದುಕೊಂಡು ಓದಲು ಕೂತರೆ ಮೊದಲ ಭೇಟಿಯಲ್ಲೇ ಲೆಕ್ಕ ತಪ್ಪುತ್ತದೆ.

ಜೊರೊ ಕಡಲ್ಗಳ್ಳರನ್ನು ಹಿಡಿದು ಬಹುಮಾನದ ದುಡ್ಡಿನಲ್ಲಿ ಬದುಕುವವನು. ನೌಕಾಪಡೆಯ ಅಧಿಕಾರಿಯ ಮಗ ಸಾಕಿದ ತೋಳ ಒಬ್ಬ ಪುಟ್ಟ ಹುಡುಗಿಯ ಮೇಲೆ ಎರಗಿದಾಗ ಅದನ್ನು ಕಡಿದುಹಾಕಿರುತ್ತಾನೆ. ಆ ತಪ್ಪಿಗೆ ಅಂಗಳದ ಕಂಬಕ್ಕೆ ಕಟ್ಟಿಹಾಕಿದ್ದಾರೆ. ಒಂದು ತಿಂಗಳು ಬದುಕಿ ಉಳಿದರೆ ಬಿಡುತ್ತೇವೆ ಎಂಬ ಮಾತು, ಅದೂ ಸುಳ್ಳು. ಆ ಹುಡುಗಿ ಕದ್ದುಮುಚ್ಚಿ ಅನ್ನದ ಉಂಡೆ ಮಾಡಿಕೊಂಡು ಬರುತ್ತಾಳೆ. ಅಧಿಕಾರಿಯ ಮಗ ಅದನ್ನು ಒಂದು ಕಚ್ಚು ಕಚ್ಚಿ ಉಗಿಯುತ್ತಾನೆ. ಸಿಹಿಯಾದರೆ ರುಚಿ ಎಂದುಕೊಂಡು ಪಾಪ ಹುಡುಗಿ ಉಪ್ಪಿನ ಬದಲು ಸಕ್ಕರೆ ಹಾಕಿದ್ದಾಳೆ. ಅವನು ಉಂಡೆಯನ್ನು ಬೂಟಿನಲ್ಲಿ ತುಳಿದು ಮಣ್ಣುಪಾಲು ಮಾಡುತ್ತಾನೆ. ಉಳಿದವರು ಹೋದ ಮೇಲೆ, ಅಲ್ಲೇ ಇದ್ದ ಲೂಫಿಯ ಹತ್ತಿರ ಜೊರೊ ಅದನ್ನೇ ಕೇಳುತ್ತಾನೆ. ಅನ್ನಕ್ಕಿಂತ ಮಣ್ಣೇ ಜಾಸ್ತಿ ಎಂದು ಲೂಫಿ ಹೇಳಿದರೂ ಬಿಡದೆ ಬಾಯಿಗೆ ಹಾಕಿಸಿಕೊಂಡು ಕರಕರ ಅಗಿದು ನುಂಗುತ್ತಾನೆ. ಚೆನ್ನಾಗಿತ್ತು ಅಂತ ಆ ಹುಡುಗಿಗೆ ಹೇಳು ಎನ್ನುತ್ತಾನೆ.

ಲೂಫಿಗೆ ಅಷ್ಟು ಸಾಕು. ಇವನು ನನ್ನ ಹಡಗಿಗೆ ಬರಲೇಬೇಕು ಎಂದು ತೀರ್ಮಾನಿಸುತ್ತಾನೆ. ಗಮನಿಸಿ, ಜೊರೊ ಲೂಫಿಯ ಮನೆಯ ಉಪ್ಪು ತಿಂದಿಲ್ಲ. ಆ ಉಂಡೆಯಲ್ಲಂತೂ ಉಪ್ಪೇ ಇರಲಿಲ್ಲ!

ಕತ್ತಿಗಳನ್ನು ತಂದುಕೊಟ್ಟು ಲೂಫಿ ಕರೆದಾಗ ಜೊರೊ ಒಪ್ಪುತ್ತಾನೆ, ಆದರೆ ಒಂದು ಷರತ್ತು ಹಾಕಿ. ಜಗತ್ತಿನ ಅತಿ ದೊಡ್ಡ ಕತ್ತಿವೀರ ಆಗಬೇಕೆಂಬುದು ಅವನ ಕನಸು. ನಿನ್ನಿಂದಾಗಿ ಆ ಕನಸು ಬಿಡುವ ಪರಿಸ್ಥಿತಿ ಬಂದರೆ, ನೀನು ಹೊಟ್ಟೆ ಕೊಯ್ದುಕೊಂಡು ನನ್ನ ಕ್ಷಮೆ ಕೇಳಬೇಕು ಎನ್ನುತ್ತಾನೆ. ಕ್ಯಾಪ್ಟನ್‌ಗೆ ಸೇರುವ ದಿನವೇ ಹೇಳುವ ಮಾತು ಇದು. ಲೂಫಿಗೆ ಸಿಟ್ಟಿಲ್ಲ, ಖುಷಿಯೋ ಖುಷಿ. ಕಡಲ್ಗಳ್ಳರ ರಾಜನಾಗಹೊರಟ ನನ್ನ ಜೊತೆಗಾರ ಅಷ್ಟಾದರೂ ಆಗದಿದ್ದರೆ ನನಗೇ ನಾಚಿಕೆ ಎನ್ನುತ್ತಾನೆ.

ಇದು ಎಂಥ ಉಲ್ಟಾ ಮಾತು ಎನ್ನುವುದು ಕುಮಾಮೊತೊದಲ್ಲಿ ಕೂತು ಓದಿದರೆ ಚೆನ್ನಾಗಿ ತಿಳಿಯುತ್ತದೆ. ಯಾಕೆಂದರೆ ಈ ಊರಿನ ಹಳೇ ಕಥೆಗಳಲ್ಲಿ ಹೊಟ್ಟೆ ಕೊಯ್ದುಕೊಳ್ಳುವವನು ಯಾವಾಗಲೂ ಬಂಟನೇ. ಇಲ್ಲಿನ ಒಡೆಯ ಹೊಸೊಕಾವಾ ತದತೊಶಿ 1641ರಲ್ಲಿ ತೀರಿಕೊಂಡಾಗ 19 ಮಂದಿ ಅವನ ಹಿಂದೆಯೇ ಪ್ರಾಣ ಬಿಟ್ಟರು. ಕುಮಾಮೊತೊ ಸ್ಟೇಷನ್ನಿಗೆ ಹತ್ತಿರದ ಕಿತಾಒಕ ಉದ್ಯಾನದಲ್ಲಿ ಒಡೆಯನ ಸಮಾಧಿಯ ಜೊತೆ ಅವರ ಸಮಾಧಿಗಳೂ ಇವೆ. ಈ ಪದ್ಧತಿ ಎಷ್ಟು ಬೆಳೆದಿತ್ತೆಂದರೆ 1663ರಲ್ಲಿ ಶೋಗನ್ (ಆಗ ದೇಶ ಆಳುತ್ತಿದ್ದ ಸೇನಾನಾಯಕ) ಸರ್ಕಾರವೇ ಅದನ್ನು ನಿಷೇಧಿಸಬೇಕಾಯಿತು. ಒಡೆಯನ ಸೇಡು ತೀರಿಸಿ 1703ರಲ್ಲಿ ಹೊಟ್ಟೆ ಕೊಯ್ದುಕೊಂಡ ಅಕೊ ಸಮುರಾಯ್‌ಗಳ ಕಥೆ ನಿಮಗೂ ಗೊತ್ತಿರಬಹುದು. ಅವರಲ್ಲಿ 17 ಮಂದಿಯನ್ನು ಕೊನೆಯ ದಿನಗಳಲ್ಲಿ ಕಾವಲಲ್ಲಿಟ್ಟು, ಅತಿಥಿಗಳಂತೆ ನೋಡಿಕೊಂಡದ್ದು ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಇದ್ದ ಇದೇ ಕುಮಾಮೊತೊ ಒಡೆಯರ ಮನೆ.

ನಮಗೂ ಇದು ಹೊಸತೇನಲ್ಲ ಬಿಡಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಕಂಬದ ಹತ್ತಿರ ಒಮ್ಮೆ ನಿಂತು ನೋಡಿ. ಬಲ್ಲಾಳ ರಾಜನ ಜೊತೆಗೇ ಜೀವ ಬಿಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಗರುಡರನ್ನು, ಅಂದರೆ ರಾಜನಿಗೆ ಜೀವ ಮುಡಿಪಿಟ್ಟ ಅಂಗರಕ್ಷಕರನ್ನು, ಕಲ್ಲಿನಲ್ಲಿ ಕೊರೆದಿದ್ದಾರೆ. ಸ್ಕೂಲ್ ಟ್ರಿಪ್ಪಿನಲ್ಲಿ ಅದನ್ನು ನೋಡಿ ಮೈ ಜುಮ್ಮೆಂದಿತ್ತು. ಕುಮಾಮೊತೊದ ಆ ಸಮಾಧಿಗಳನ್ನು ನೋಡಿದಾಗಲೂ ಅದೇ ಜುಮ್. ಆದರೆ ಈಗ ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಒಡೆಯ ಹೋದರೆ ಇವರು ಯಾಕೆ ಹೋಗಬೇಕಿತ್ತು?

ಜೊರೊನ ಷರತ್ತು ಆ ಹಳೇ ನಿಷ್ಠೆಯನ್ನು ತಲೆಕೆಳಗು ಮಾಡುತ್ತದೆ. ನೀನು ದೊಡ್ಡವನು, ಆದರೆ ನನ್ನ ಬಾಳು ನಿನ್ನ ಬಾಳಿನ ಬಾಲ ಅಲ್ಲ ಎನ್ನುತ್ತದೆ. ಆಮೇಲೆ ಅವನು ಲೂಫಿಗಾಗಿ ಏನೆಲ್ಲ ಮಾಡುತ್ತಾನೋ ಅದೆಲ್ಲದರ ತೂಕ ಬರುವುದು ಇಲ್ಲಿಂದಲೇ.

ಇಬ್ಬರ ಗುರುತುಗಳನ್ನು ನೋಡಿ. ಒಬ್ಬನಿಗೆ ಹುಲ್ಲಿನ ಟೋಪಿ, ಇನ್ನೊಬ್ಬನಿಗೆ ಬಿಳಿ ಹಿಡಿಯ ಕತ್ತಿ. ಎರಡೂ ಅವರ ಸ್ವಂತದ್ದಲ್ಲ. ಟೋಪಿ ಶ್ಯಾಂಕ್ಸ್ ಎಂಬ ಕಡಲ್ಗಳ್ಳನದು. ಚಿಕ್ಕ ಹುಡುಗ ಲೂಫಿಯನ್ನು ಕಡಲಪ್ರಾಣಿಯಿಂದ ಉಳಿಸಲು ಹೋಗಿ ಅವನು ಎಡಗೈ ಕಳೆದುಕೊಂಡ. ದೊಡ್ಡ ಕಡಲ್ಗಳ್ಳನಾದ ಮೇಲೆ ವಾಪಸ್ ತಂದುಕೊಡು ಎಂದು ಟೋಪಿ ಕೊಟ್ಟುಹೋದ. ಕತ್ತಿ ಕುಯಿನಾ ಎಂಬ ಹುಡುಗಿಯದು, ಜೊರೊನ ಗುರುವಿನ ಮಗಳು. ಅವಳ ಎದುರು ಜೊರೊ 2001 ಸಲ ಸೋತಿದ್ದಾನೆ. ಹೆಣ್ಣಾದ ನಾನು ಎಷ್ಟು ಕಲಿತರೂ ಜಗತ್ತಿನ ದೊಡ್ಡ ಕತ್ತಿವೀರಳಾಗಲಾರೆ ಎಂದು ಅವಳು ಅತ್ತಾಗ, ಇಬ್ಬರಲ್ಲಿ ಒಬ್ಬರು ಆಗಿಯೇ ತೀರೋಣ ಎಂದು ಮಾತು ಕೊಟ್ಟುಕೊಳ್ಳುತ್ತಾರೆ. ಮರುದಿನವೇ ಅವಳು ಮೆಟ್ಟಿಲಿಂದ ಬಿದ್ದು ಸಾಯುತ್ತಾಳೆ. ಗುರುವನ್ನು ಬೇಡಿ ಜೊರೊ ಆ ಕತ್ತಿ ಪಡೆಯುತ್ತಾನೆ.

ಒಬ್ಬನ ತಲೆ ಮೇಲೆ ಹಿಂತಿರುಗಿಸಬೇಕಾದ ಸಾಲ. ಇನ್ನೊಬ್ಬನ ಸೊಂಟದಲ್ಲಿ ಹಿಂತಿರುಗಿಸಲಾಗದ ಸಾಲ. ನನಗೆ ಇವರ ನಂಟಿನ ಗುಟ್ಟು ಇಲ್ಲೇ ಇದೆ ಅನ್ನಿಸುತ್ತದೆ. ಅಪರೂಪಕ್ಕೂ ಕೂತು ಮನಸ್ಸು ಬಿಚ್ಚಿ ಮಾತಾಡುವವರಲ್ಲ ಇಬ್ಬರೂ. ಲೂಫಿಗೆ ಊಟದ ಚಿಂತೆ, ಜೊರೊಗೆ ನಿದ್ದೆ. ಆದರೂ ಎದುರಿನವನ ಮೈಮೇಲಿರುವ ವಸ್ತುವಿಗೆ ಕೈ ಹಾಕಬಾರದು ಎನ್ನುವುದು ಇಬ್ಬರಿಗೂ ಹೇಳದೆಯೇ ಗೊತ್ತು.

ಅದು ಪರೀಕ್ಷೆಗೆ ಬರುವುದು ಕಡಲ ಮೇಲಿನ ಹೋಟೆಲ್ ಒಂದರ ಮುಂದೆ. ಜಗತ್ತಿನ ಅತಿ ದೊಡ್ಡ ಕತ್ತಿವೀರ ಮಿಹಾಕ್ ಅಲ್ಲಿಗೆ ಬರುತ್ತಾನೆ. ಜೊರೊ ಸವಾಲು ಹಾಕುತ್ತಾನೆ. ಮಿಹಾಕ್ ಮೊದಲು ಕುತ್ತಿಗೆಯಲ್ಲಿ ನೇತುಹಾಕಿಕೊಂಡ ಪುಟ್ಟ ಚಾಕುವಿನಲ್ಲೇ ಅವನನ್ನು ಆಟ ಆಡಿಸುತ್ತಾನೆ. ಆ ಚಾಕು ಎದೆಗೆ ನೆಟ್ಟರೂ ಜೊರೊ ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ. ಆಗ ಮಿಹಾಕ್ ಮರ್ಯಾದೆಗಾಗಿ ತನ್ನ ದೊಡ್ಡ ಕಪ್ಪು ಕತ್ತಿ ತೆಗೆಯುತ್ತಾನೆ. ಒಂದೇ ಏಟಿಗೆ ಜೊರೊನ ಎರಡು ಕತ್ತಿ ಚೂರು. ಉಳಿದದ್ದು ಕುಯಿನಾಳ ಕತ್ತಿ. ಅದನ್ನು ಒರೆಗೆ ಸೇರಿಸಿ, ತಿರುಗಿ, ಎರಡೂ ಕೈ ಅಗಲಿಸಿ ಎದೆ ಒಡ್ಡಿ ನಿಲ್ಲುತ್ತಾನೆ. ಬೆನ್ನಿನ ಗಾಯ ಕತ್ತಿವೀರನಿಗೆ ಅವಮಾನ ಎಂಬ ನಂಬಿಕೆ ಅವನದು.

ಎಲ್ಲರೂ ಈ ಚಿತ್ರದಲ್ಲಿ ಜೊರೊನನ್ನೇ ನೋಡುತ್ತಾರೆ. ಪಕ್ಕದ ಚೌಕಗಳಲ್ಲಿ ಲೂಫಿ ಏನು ಮಾಡುತ್ತಿದ್ದಾನೆ ನೋಡಿ. ಜೊರೊನ ಇಬ್ಬರು ಹಳೇ ಗೆಳೆಯರು ಕತ್ತಿ ಹಿಡಿದು ನಡುವೆ ನುಗ್ಗಲು ಹೊರಟಿದ್ದಾರೆ. ಅವರನ್ನು ನೆಲಕ್ಕೆ ಅದುಮಿ ಹಿಡಿದಿರುವವನು ಲೂಫಿ. ಹಲ್ಲು ಕಚ್ಚಿದ್ದಾನೆ. ಯಾರು ಹೊಡೆದರೂ ತಿರುಗಿ ಹೊಡೆಯುವ, ಯೋಚಿಸುವ ಮೊದಲೇ ಜಿಗಿಯುವ ಹುಡುಗ, ಇಲ್ಲಿ ಮಾತ್ರ ಕಣ್ಣೆದುರೇ ಗೆಳೆಯ ಸಾಯಬಹುದು ಎಂದು ತಿಳಿದೂ ತನ್ನನ್ನು ಹಿಡಿದುಕೊಂಡಿದ್ದಾನೆ. ಷರತ್ತು ನೆನಪಿದೆ ತಾನೆ? ಈ ಜಗಳಕ್ಕೆ ಅಡ್ಡ ಹೋದರೆ ಜೊರೊ ಉಳಿದಾನು, ಅವನ ಕನಸು ಉಳಿಯದು. ಸಹಾಯ ಮಾಡದೆ ನಿಲ್ಲುವುದು ಇಷ್ಟು ಕಷ್ಟದ ನಿಷ್ಠೆ ಎಂದು ನಾನು ಬೇರೆ ಸಾಹಸದ ಕಥೆಯಲ್ಲಿ ಕಂಡಿಲ್ಲ. ಜೊರೊ ಬದುಕಿಕೊಳ್ಳುತ್ತಾನೆ. ಅಳುತ್ತಾ ಕತ್ತಿ ಎತ್ತಿ, ಇನ್ನು ಸೋಲುವುದಿಲ್ಲ, ಆಕ್ಷೇಪ ಇದೆಯಾ ಎಂದು ಕ್ಯಾಪ್ಟನ್‌ನನ್ನು ಕೇಳುತ್ತಾನೆ. ಇಲ್ಲ ಎಂದು ಲೂಫಿ ನಗುತ್ತಾನೆ.

ಆಫೀಸಿನ ಹಿರಿಯರಿಗೂ ನನಗೂ ಜಗಳ ಇರುವುದು ಇಲ್ಲೇ. ಅವರ ಪ್ರಕಾರ ಎಲ್ಲಕ್ಕಿಂತ ದೊಡ್ಡ ದೃಶ್ಯ ಇದಲ್ಲ, ಬಹಳ ಮುಂದೆ ಬರುವ ಇನ್ನೊಂದು. ಅಲ್ಲಿ ದೊಡ್ಡ ಯುದ್ಧ ಮುಗಿದು ಎಲ್ಲರೂ ಪ್ರಜ್ಞೆ ತಪ್ಪಿ ಬಿದ್ದಿರುತ್ತಾರೆ. ಕುಮಾ ಎಂಬ ಬಲಶಾಲಿ ಲೂಫಿಯ ತಲೆ ಕೇಳಿಕೊಂಡು ಬರುತ್ತಾನೆ. ಬದಲಿಗೆ ನನ್ನ ತಲೆ ತಗೋ ಎನ್ನುತ್ತಾನೆ ಜೊರೊ. ಕುಮಾ ಲೂಫಿಯ ಮೈಯಲ್ಲಿದ್ದ ನೋವು, ದಣಿವನ್ನೆಲ್ಲ ಹೊರತೆಗೆದು ಒಂದು ದೊಡ್ಡ ಗುಳ್ಳೆ ಮಾಡಿ ಎದುರಿಗೆ ತೇಲಿಸುತ್ತಾನೆ. ಜೊರೊ ಅಷ್ಟನ್ನೂ ತನ್ನ ಮೈಗೆ ತೆಗೆದುಕೊಳ್ಳುತ್ತಾನೆ. ಸಾಂಜಿ ಓಡಿಬಂದು ನೋಡಿದರೆ ರಕ್ತದ ಮಡುವಿನಲ್ಲಿ ಕೈಕಟ್ಟಿ ನಿಂತಿದ್ದಾನೆ, ಏನಾಯಿತು ಎಂದರೆ ಏನೂ ಆಗಿಲ್ಲ ಎನ್ನುತ್ತಾನೆ. ಅತ್ತ ಲೂಫಿ ಎದ್ದು, ಮೈಯೆಲ್ಲ ಯಾಕೋ ಹಗುರ ಎಂದು ಕುಣಿಯುತ್ತಿರುತ್ತಾನೆ. ಅವನಿಗೆ ಯಾರೂ ಹೇಳುವುದಿಲ್ಲ.

"ಲೂಫಿಗೆ ಗೊತ್ತಾಗಬಾರದು. ಗೊತ್ತಾದರೆ ಅದು ಸಾಲವಾಗುತ್ತದೆ" ಎನ್ನುತ್ತಾರೆ ಹಿರಿಯರು. ಅವರ ಅಪ್ಪ ಅಮ್ಮನ ಮನೆ ಮಶಿಕಿಯಲ್ಲಿತ್ತು. ಭೂಕಂಪದ ನಂತರ ಇಲ್ಲಿನ ಬಹಳ ಜನರಂತೆ ಅವರೂ ಕಾರಿನಲ್ಲೇ ಮಲಗಿ ರಾತ್ರಿ ಕಳೆದವರು. ಬೆಳಗ್ಗೆ ಕಾರಿನ ಪಕ್ಕ ಯಾರೋ ನೀರಿನ ಬಾಟಲಿ ಇಟ್ಟುಹೋಗಿದ್ದರಂತೆ. ಯಾರು ಅಂತ ಇವತ್ತಿಗೂ ತಿಳಿದಿಲ್ಲವಂತೆ. ಹಾಗಾಗಿ ಅವರ ಮಾತಿಗೆ ಎದುರಾಡಲು ಸ್ವಲ್ಪ ಹಿಂಜರಿಕೆ.

ಆದರೂ ಒಪ್ಪಲು ಮನಸ್ಸು ಬರುವುದಿಲ್ಲ. ನೋವು ನುಂಗಿ ಸುಮ್ಮನಿರುವ ಬಂಟ ಕಿತಾಒಕದಲ್ಲೂ ಇದ್ದಾನೆ, ಹಳೇಬೀಡಿನಲ್ಲೂ ಇದ್ದಾನೆ. ಕಣ್ಣೀರು ಬರಿಸುವ ದೃಶ್ಯ, ನಿಜ. ಆದರೆ ಜೊರೊ ಬರೀ ಅಷ್ಟೇ ಆಗಿದ್ದರೆ 1641ರಲ್ಲೂ ಸಲ್ಲುತ್ತಿದ್ದ.

ಅಲ್ಲಿ ಸಲ್ಲದ ಜೊರೊ ಕಾಣುವುದು ಹಡಗಿನ ಸಂಗಡಿಗ ಉಸೊಪ್ ವಿಷಯದಲ್ಲಿ. ಹಳೇ ಹಡಗನ್ನು ಬಿಡುವ ಮಾತಿಗೆ ಉಸೊಪ್ ಜಗಳವಾಡಿ, ಲೂಫಿಯ ಜೊತೆ ಹೊಡೆದಾಡಿ, ಬಿಟ್ಟುಹೋಗಿರುತ್ತಾನೆ. ಅವನು ಮರಳಿ ಬರಲು ನೋಡುತ್ತಿದ್ದಾನೆ ಎಂಬ ಸುದ್ದಿ ಬಂದಾಗ ಲೂಫಿ ಕರೆತರಲು ಎದ್ದೇಬಿಡುತ್ತಾನೆ. ಕೂತ್ಕೋ ಎನ್ನುತ್ತಾನೆ ಜೊರೊ. ಉಸೊಪ್ ಬಾಯಿಂದ ಮೊದಲು ಬರುವ ಮಾತು ತಪ್ಪಾಯಿತು ಎಂದಾಗಿದ್ದರೆ ಸರಿ. ಇಲ್ಲದಿದ್ದರೆ ಸೇರಿಸಿಕೊಳ್ಳುವಂತಿಲ್ಲ. ಕ್ಯಾಪ್ಟನ್ ಮಾತಿಗೆ ಬೆಲೆ ಇಲ್ಲದ ಹಡಗು ಉಳಿಯುವುದಿಲ್ಲ, ನೀನು ಹಾಗೆ ಸಡಿಲ ಬಿಟ್ಟರೆ ಮುಂದೆ ಹೊರಡುವವನು ನಾನು ಎಂದು ಎಲ್ಲರ ಮುಂದೆ ಹೇಳುತ್ತಾನೆ. ಲೂಫಿ ಕೂರುತ್ತಾನೆ.

ಮೇಲಿನವರು ಹೂಂ ಎಂದರೆ ಮೀಟಿಂಗಿನಲ್ಲಿ ಉಳಿದವರೆಲ್ಲ ತಲೆಯಾಡಿಸುವುದು ಇಲ್ಲೂ ಇದೆ, ಬೆಂಗಳೂರಿನಲ್ಲೂ ನೋಡಿದ್ದೇನೆ. ಈ ಪುಟಗಳನ್ನು ತೋರಿಸಿ ಹಿರಿಯರ ಹತ್ತಿರ ನನ್ನ ವಾದ ಮಂಡಿಸಿದೆ. ಸ್ವಲ್ಪ ಹೊತ್ತು ಪುಸ್ತಕ ತಿರುವಿದರು. "ಜಪಾನೀಸ್ ಈಗ ಜಗಳಕ್ಕೆ ಸಾಕಾಗಿದೆ" ಎಂದರು. ಒಪ್ಪಿದೆ ಅಂತ ಮಾತ್ರ ಹೇಳಲಿಲ್ಲ.