ಗೋಳಗುಮ್ಮಟ ಪಿನ್: ಸ್ಯಾಂಪಲ್ ಫೋಟೋ ಬಂತು, ಮಿನಾರಕ್ಕ ಎರಡು ಅಂತಸ್ತು ಕಮ್ಮಿ

ಹೋದ ಸಲ ನಮ್ಮ ಸೈಕಲ್ ಗ್ರೂಪಿನ ಪಿನ್ನಿನ ಡಿಸೈನ್ ಫೈನಲ್ ಆತು ಅಂತ ಬರದಿದ್ದೆ, ಆ ಮಾತು ವಾಪಸ್ ತಗೋತೀನಿ.

ಗೊತ್ತಿಲ್ಲದವ್ರಿಗೆ: ವಿಜಯಪುರದಾಗ ನಾವೊಂದು ಇಪ್ಪತ್ತು ಮಂದಿ ಸಂಡೇ ಮುಂಜಾನೆ ಸೈಕಲ್ ಹೊಡಿತೀವಿ, ಮೂಡ್ ಇದ್ರ ಕೊಲ್ಹಾರ ತನಕ ಹೋಗಿ ಮೊಸರು ತಿಂದು ಬರೂದು. ಈ ಸಲ ಸಂಕ್ರಮಣದ ಸಿದ್ಧೇಶ್ವರ ಜಾತ್ರಿ ಹೊತ್ತಿಗೆ ಗ್ರೂಪಿನ ಹೆಸರ್ಲೆ 200 ಎನಾಮಲ್ ಪಿನ್ (ಬಣ್ಣ ತುಂಬಿದ ಲೋಹದ ಬ್ಯಾಡ್ಜ್) ಮಾಡ್ಸಿ ಹಂಚೂಣು ಅಂತ ಮಾತಾತು, ಅರ್ಧ ರೊಕ್ಕ ಒಬ್ಬ ಸೈಕಲ್ ಅಂಗಡಿಯವ್ರು ಹಾಕ್ಯಾರ, ಪಿನ್ ಚುಚ್ಚೂ ಕಾರ್ಡಿನ ಮ್ಯಾಲ ಅವ್ರ ಹೆಸರು ಬರ್ತದ. ಮುಂಬೈದಾಗ ಇಬ್ಬರನ್ನ ಕೇಳಿದ್ವಿ, ಅವ್ರೂ ಚೀನಾದಿಂದನ ತರಿಸೂದು, ಮ್ಯಾಲ 500 ಪೀಸಿಗೆ ಕಮ್ಮಿ ಆಗೂದಿಲ್ಲ ಅಂದ್ರು. ಹಂಗಾರ ನಾವ ನೇರ ಚೀನಾದ ಫ್ಯಾಕ್ಟರಿಯಿಂದ ತರಸೂಣು ಅಂತ ಇಳದ್ವಿ.

ರೇಟ್ ಹಿಂಗ ಬಂತು: ಪೀಸಿಗೆ 65 ಸೆಂಟ್, ಅಚ್ಚಿಗೆ 50 ಡಾಲರ್, ಕೊರಿಯರ್ 40 ಡಾಲರ್, ಒಟ್ಟು 220. 65 ಸೆಂಟ್ ನೋಡಿ ಕುಣದಾಡಿದ್ವಿ, ಆಮ್ಯಾಲ ಎಲ್ಲಾ ಕೂಡ್ಸಿ ಭಾಗಿಸಿದ್ರ 1 ಡಾಲರ್ 10 ಸೆಂಟ್ ಬಿತ್ತು, ಅದರ ಮ್ಯಾಲ ಕಸ್ಟಮ್ಸ್ ಬ್ಯಾರೆ. ಕಸ್ಟಮ್ಸದವ್ರು ಬರೇ ಮಾಲಿನ ರೇಟ್ ಹಿಡಿಯೂದಿಲ್ಲ, ಕೊರಿಯರ್ ಮತ್ತ ಇನ್ಶೂರೆನ್ಸ್ ಸೇರ್ಸಿ ಡ್ಯೂಟಿ ಹಾಕ್ತಾರ, ಆ ಡ್ಯೂಟಿನೂ ಸೇರ್ಸಿದ ಮೊತ್ತದ ಮ್ಯಾಲ ಇನ್ನೊಂದು ತೆರಗಿ, ಐಜಿಎಸ್‌ಟಿ. ಇದನ್ನ ಬಜೆಟ್ಟಿನ್ಯಾಗ ನಾ ಬರದಿರ್ಲೇ ಇಲ್ಲ, ಬೈಸ್ಕೊಂಡೆ.

ಸಾಫ್ಟ್ ಎನಾಮಲ್ ತಗೊಂಡೀವಿ. ಇದರಾಗ ಬಣ್ಣ ಲೋಹದ ಗೆರಿಕಿಂತ ಒಂಚೂರು ತಗ್ಗಿನ್ಯಾಗ ಕೂಡ್ತದ, ಬೆರಳಾಡಿಸಿದ್ರ ಏರು ತಗ್ಗು ಹತ್ತತದ. ಹಾರ್ಡ್ ಎನಾಮಲ್ ಅಂದ್ರ ತಿಕ್ಕಿ ಪಾಲಿಶ್ ಮಾಡಿ ಎಲ್ಲಾ ಸಪಾಟ ಮಾಡ್ತಾರ, ರೇಟೂ ಜಾಸ್ತಿ. ನನಗ ತಗ್ಗಿಂದನ ಚಂದ ಅನಸ್ತದ, ಕಲ್ಲಿನ ಗುಮ್ಮಟ ಸಪಾಟ ಇದ್ರ ಏನ್ ಮಜಾ.

ಮೊದಲ ಎಡವಟ್ಟು ಅಕ್ಷರದ್ದು. ಡಿಸೈನ್ ಫೈಲ್ ಮಾಡಿದ ಪ್ರಿಂಟಿಂಗ್ ಪ್ರೆಸ್ಸಿನ ಅಣ್ಣ ಕೋರಲ್‌ಡ್ರಾದಾಗ ನುಡಿ ಫಾಂಟಿನ್ಯಾಗ ಗ್ರೂಪಿನ ಹೆಸರು ಹೊಡದು ಫೈಲ್ ಹಂಗ ಕಳಿಸ್ಬಿಟ್ಟಿದ್ದ, ಆ ಕಡೆ ಆ ಫಾಂಟ್ ಎಲ್ಲಿಂದ ಬರಬೇಕು, ಅವ್ರ ಪ್ರೂಫಿನ್ಯಾಗ (ಅಚ್ಚು ಹೊಡಿಯೂ ಮೊದಲ ಒಪ್ಪಿಗೆಗೆ ಕಳಸೂ ಚಿತ್ರ) ಕನ್ನಡದ ಬದ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು ಎಲ್ಲಾ ಕಲಸುಮೇಲೋಗರ ಆಗಿ ಬಂದಿತ್ತು. ಫ್ಯಾಕ್ಟರಿಯ ಸೇಲ್ಸ್ ಹುಡುಗಿ ಪಾಪ ಇದ ಕನ್ನಡ ಅಂತ ತಿಳಕೊಂಡು ಅಷ್ಟೂ ನೀಟಾಗಿ ಸೆಂಟರ್ ಮಾಡಿದ್ಲು! ಕರ್ವ್ಸ್‌ಗೆ ಕನ್ವರ್ಟ್ ಮಾಡಿ, ಅಂದ್ರ ಫಾಂಟ್ ಬೇಕಾಗದಂಗ ಅಕ್ಷರನ್ನ ಬರೇ ಗೆರಿ ಚಿತ್ರ ಮಾಡಿ, ಮತ್ತ ಕಳಿಸಿದ್ವಿ, ಸರಿ ಆತು.

ಈಗ ಮಿನಾರದ ಕಥಿ. ಮೊನ್ನೆ ಅಚ್ಚು ಹೊಡದು ಬಣ್ಣ ತುಂಬಿದ ಸ್ಯಾಂಪಲ್ ಫೋಟೋ ಬಂತು, ಗಾಂಧಿ ಚೌಕದಾಗ ಚಾ ಕುಡಕೋತ ಎಲ್ಲಾರೂ ನೋಡಿ ಭಾರಿ ಆಗ್ಯದ ಅಂದ್ವಿ, ಗುಮ್ಮಟದ ಬುಡಕ್ಕ ಕಮಲದ ಎಸಳು ಸೈತ ಮೂಡ್ಯಾವ. ಮನಿಗೆ ಬಂದು ಐದನೇತ್ತೆ ಓದೂ ಅಳಿಯಗ ತೋರ್ಸಿದ್ರ ಝೂಮ್ ಮಾಡಿ ಎಣಸ್ಲಿಕ್ಕೆ ಹತ್ತಿದ. "ಮಾಮಾ, ಇದರಾಗ ಐದ ಅದಾವಲ್ಲ, ಸಾಲಿಲಿಂದ ಹೋದಾಗ ನಾವು ಏಳು ಅಂತಸ್ತು ಹತ್ತೀವಿ." ಎದಿ ಧಸಕ್ ಅಂತು. ಹುಟ್ಟಿದಾಗಿಂದ ಆ ಗುಮ್ಮಟದ ನೆರಳಾಗ ಅದೀವಿ, ನಾಕೂ ಮೂಲಿಗೊಂದು ಎಂಟು ಮುಖದ ಮಿನಾರ, ಏಳೇಳು ಅಂತಸ್ತು, 1656ರಿಂದ ಹಂಗ ನಿಂತದ, ನಮ್ಮಾಗ ಒಬ್ಬಾವರೆ ಎಣಸ್ಬೇಕಲ್ಲ!

ಮೇಲ್ ತಗದು ನೋಡಿದೆ. ತಪ್ಪು ಅವ್ರದಲ್ರಿ. 30 ಎಂಎಂ ಪಿನ್ನಿನ್ಯಾಗ ಗೆರಿ ಭಾಳ ಸಣ್ಣಾಗ್ತಾವ, ಬಣ್ಣ ನಿಲ್ಲೂದಿಲ್ಲ, ಮಿನಾರ ಸ್ವಲ್ಪ ಸರಳ ಮಾಡೀವಿ ಅಂತ ಮೂರನೇ ಪ್ರೂಫಿನ ಕೆಳಗ ಸ್ಪಷ್ಟ ಬರದಾರ, ಅದಕ್ಕ ನಾನು ರಾತ್ರಿ ಹನ್ನೊಂದಕ್ಕ ಮೊಬೈಲಿನ್ಯಾಗ ಓಕೆ ಹೊಡದೀನಿ. ಅಲ್ಲಿ ಆಗ ಒಂದೂವರಿ, ಅವ್ರೂ ಎಚ್ಚರನ ಇದ್ರು ಅನ್ರಿ. ಹೊಸ ಅಚ್ಚಿಗೆ ಅರ್ಧ ಅವ್ರು, ಅರ್ಧ ನಾವು ಅಂತ ಒಪ್ಪಿಸೀನಿ, 25 ಡಾಲರ್ ನನ್ನ ಕಿಸೆದಿಂದನ. ಕಿಟಕಿ ಎಲ್ಲಾ ತಗದು ಬರೇ ಅಡ್ಡ ಗೆರಿ ಇಟ್ರ ಏಳೂ ಕೂಡ್ತಾವ ಅಂತ ಆ ಸೇಲ್ಸ್ ಹುಡುಗಿ ಅಂದಾಳ.

ಇನ್ನೊಂದು ತೊಡಕು ಐಇಸಿ, ಅಂದ್ರ ಹೊರದೇಶದಿಂದ ಮಾಲು ತರಸ್ಲಿಕ್ಕೆ ಬೇಕಾಗೂ ಸರ್ಕಾರಿ ಕೋಡ್. ಪ್ರೆಸ್ ಅಣ್ಣನ ಹೆಸರಿನ್ಯಾಗ ಐಇಸಿ ಅದ ಅಂತ ಧೈರ್ಯ ಇತ್ತು, ಚೆಕ್ ಮಾಡಿದ್ರ ಡಿಆಕ್ಟಿವೇಟ್ ಆಗ್ಯದ. ವರ್ಷಾ ಏಪ್ರಿಲ್‌ದಿಂದ ಜೂನ್ ಒಳಗ ವಿದೇಶಿ ವ್ಯಾಪಾರ ನೋಡೂ ಸರ್ಕಾರಿ ಇಲಾಖೆ ಡಿಜಿಎಫ್‌ಟಿ ಪೋರ್ಟಲ್‌ದಾಗ ಹೋಗಿ ಏನೂ ಬದಲಾಗದಿದ್ರೂ ಕನ್ಫರ್ಮ್ ಮಾಡ್ಬೇಕಂತ, ಅಣ್ಣ ಮಾಡಿಲ್ಲ. ಈಗ ಅಪ್ಡೇಟ್ ಹಾಕ್ಯಾನ. ನಡುವ ಆ ಹುಡುಗಿ, ಬೇಕಾದ್ರ ಗಿಫ್ಟ್ ಅಂತ ಬರದು 20 ಡಾಲರ್ ತೋರಸ್ತೀನಿ ಅಂದ್ಲು. ಬ್ಯಾಡವ್ವಾ ಅಂದೆ. ರಾಖಿ, ಜೀವ ಉಳಿಸೂ ಔಷಧಿ ಬಿಟ್ಟು ಬ್ಯಾರೆ ಗಿಫ್ಟಿಗೆ ಡ್ಯೂಟಿ ಮಾಫಿ 2019ರಾಗನ ಮುಗದದ, ಮ್ಯಾಲ 200 ಒಂದ ನಮೂನಿ ಪಿನ್ ನೋಡಿ ಯಾರ್ ಗಿಫ್ಟ್ ಅಂತಾರ್ರಿ.

ಟೈಮ್ ಟೈಟ್ ಅದ. ಚೀನಾದವ್ರ ಹೊಸ ವರ್ಷಕ್ಕ ಫ್ಯಾಕ್ಟರಿ ವಾರಗಟ್ಟಲೆ ಬಂದ್ ಇರ್ತಾವ, ಅದಕ್ಕೂ ಮೊದಲ ಎಲ್ಲಾರೂ ಆರ್ಡರ್ ತುರುಕ್ತಾರ.

ಹೊಸ ಪ್ರೂಫ್ ನಾಳಿ ಬರ್ತದಂತ. ಈ ಸಲ ಎ4 ಮ್ಯಾಲ ಖರೇ ಸೈಜಿನ್ಯಾಗ ಪ್ರಿಂಟ್ ಹೊಡದು ಮೊದಲ ಅಳಿಯನ ಕೈಯಾಗ ಕೊಡ್ತೀನಿ, ಅಂವ ಏಳು ಅಂದ ಮ್ಯಾಲನ ಓಕೆ.