ಗಡಿ ಗೇಟಿನ ಸುಂಕ

ಇವತ್ತು ಸುದ್ದಿಯಲ್ಲಿ ಬಾಬ್ ಅಲ್-ಹವಾ ಕಾಣಿಸ್ತು. ಸಿರಿಯಾ-ಟರ್ಕಿ ಗಡಿಯ ಗೇಟು, ಸಾಲುಗಟ್ಟಿದ ಲಾರಿಗಳು.

ಅಹ್ರಾರ್ ಅಲ್-ಶಾಮ್, ಅಂದ್ರೆ ಸಿರಿಯಾದ ಅಂತರ್ಯುದ್ಧದಲ್ಲಿ ಅಸಾದ್ ಸರ್ಕಾರದ ವಿರುದ್ಧ ಹೋರಾಡಿದ ಇಸ್ಲಾಮಿ ಸಶಸ್ತ್ರ ಗುಂಪು. ಅದರ ಹೆಸರು ಬಂದ್ರೆ ಎಲ್ಲರೂ ಬಂದೂಕು, ಬಾವುಟ ನೋಡ್ತಾರೆ. ನೋಡಬೇಕಾದ್ದು ಈ ಗೇಟು.

2011ರಲ್ಲಿ ಅಸಾದ್ ಸರ್ಕಾರದ ಸೆಡ್ನಾಯಾ ಜೈಲಿಂದ ಹೊರಬಂದವರು ಕಟ್ಟಿದ ಗುಂಪು.
2014ರ ಸೆಪ್ಟೆಂಬರ್ 9, ಇದ್ಲಿಬ್ ಪ್ರಾಂತ್ಯದಲ್ಲಿ ಸಭೆ ನಡೀತಿದ್ದಾಗಲೇ ಸ್ಫೋಟ. ಮುಖ್ಯಸ್ಥ ಹಸನ್ ಅಬ್ಬೂದ್ ಸಮೇತ ಮೊದಲ ಸಾಲಿನ ನಾಯಕರು ಹೆಚ್ಚುಕಮ್ಮಿ ಎಲ್ಲರೂ ಸತ್ತರು.

ಆದರೂ ಗುಂಪು ಉಳೀತು. ಗೇಟು ಕೈಲಿತ್ತಲ್ಲ! ದಾಟೋ ಸರಕಿಗೆ ಸುಂಕ, ಆ ಸುಂಕದಿಂದ ಹೋರಾಟಗಾರರ ಖರ್ಚಿಗೆ ಹಣ.

ನಾಯಕರು ಸತ್ತಿದ್ದಕ್ಕಿಂತ ಒಳಗಿನ ಒಡಕೇ ಹೆಚ್ಚು ಕೆಡಿಸಿತು ಅನ್ಸುತ್ತೆ. 2017ರ ಜನವರಿಯಲ್ಲಿ ಮಾಜಿ ಮುಖ್ಯಸ್ಥ ಹಾಶಿಮ್ ಅಲ್-ಶೇಖ್ ಒಂದಷ್ಟು ಜನರನ್ನ ಕಟ್ಕೊಂಡು ಹಯಾತ್ ತಹ್ರೀರ್ ಅಲ್-ಶಾಮ್ ಅನ್ನೋ ಎದುರಾಳಿ ಸಶಸ್ತ್ರ ಗುಂಪು ಸೇರಿದ. ಜುಲೈನಲ್ಲಿ ಅದೇ ಹಯಾತ್ ಗುಂಪು ಅಹ್ರಾರ್ ಮೇಲೆ ದಾಳಿ ಮಾಡಿದಾಗ ಕೆಲವೇ ದಿನಗಳಲ್ಲಿ ಗೇಟೂ ಬಿಟ್ಟುಕೊಡಬೇಕಾಯ್ತು.

ಆಮೇಲೆ ಗುಂಪು ಉಳೀತು, ಹಳೇ ಬಲ ಉಳೀಲಿಲ್ಲ. ಅದೂ 2025ರ ಜನವರಿಯಲ್ಲಿ ಅಸಾದ್ ಬಿದ್ದ ಮೇಲಿನ ಸಿರಿಯಾದ ಹೊಸ ಸೇನೆಯೊಳಗೆ ಕರಗಿಸೋ ಗುಂಪುಗಳ ಪಟ್ಟಿಗೆ ಸೇರ್ತು.