“ಈಗ ಸರಿ ಇದೆ. ನಿನ್ನೆ ಇರಲಿಲ್ಲ”

“ಒತ್ತಿ ನೋಡಿ ಮೇಡಂ, ಬ್ರೇಕ್ ಸರಿಯಾಗೇ ಇದೆಯಲ್ಲ?”

“ಈಗ ಸರಿ ಇದೆ ಅಣ್ಣಾ. ನಿನ್ನೆ ಇರಲಿಲ್ಲ.”

ಈ ವಾರ ಒಂದು ವರ್ಕ್‌ಶಾಪಿನಲ್ಲಿ ಕಿವಿಗೆ ಬಿದ್ದ ಮಾತು ಇದು. ಆ ಮೇಸ್ತ್ರಿ ಕೆಲಸ ಬಾರದವರಲ್ಲ, ಕೈ ಚುರುಕು. ಆದರೆ ಆ ಹೆಣ್ಣುಮಗಳ ಉತ್ತರದಲ್ಲೇ ಅರ್ಧ ಕಾರಣ ಸಿಕ್ಕಿತ್ತು, ಅದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಆಕೆ ಅದೇ ದೂರು ಹೊತ್ತು ಬಂದಿದ್ದು ಮೂರನೇ ಸಲ. ಮೊದಲ ಸಲ ಪ್ಯಾಡ್ ಬದಲಾಯಿಸಿ ಕಳಿಸಿದ್ದರು, ಎರಡನೇ ಸಲ ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆದಿದ್ದರು. ಈಗ ಬೂಸ್ಟರ್, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಡಬ್ಬಿ, ಬಿಚ್ಚುವ ಮಾತು.

ಆಕೆ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದರೆ ಸಾಕಿತ್ತು: “ಪೆಡಲ್ ಒಳಗೆ ಹೋಗಲ್ಲ, ಕಲ್ಲಿನ ಥರ ಆಗುತ್ತೆ. ಅರ್ಧ ಗಂಟೆ ಓಡಿಸಿದ ಮೇಲೆ, ಪಾರ್ಕ್ ಮಾಡೋಕೆ ಹಿಂದೆ ಮುಂದೆ ತಗೊಳ್ಳುವಾಗ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗೇ ಸರಿಹೋಗುತ್ತೆ.”

ಪೆಡಲ್ ಮೆತ್ತಗಾದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಆಯಿಲ್ ಕುದಿದಿದೆ. ಒತ್ತಿ ಹಿಡಿದಾಗ ನಿಧಾನಕ್ಕೆ ತಳಕ್ಕೆ ಇಳಿದರೆ, ಆಯಿಲನ್ನು ಲೈನಿಗೆ ನೂಕುವ ಮಾಸ್ಟರ್ ಸಿಲಿಂಡರಿನ ಸೀಲ್ ಸೋತಿದೆ, ಇಲ್ಲವೇ ಎಲ್ಲೋ ಆಯಿಲ್ ಸೋರುತ್ತಿದೆ. ಕಲ್ಲಿನ ಹಾಗೆ ಗಟ್ಟಿಯಾದರೆ ಮೊದಲು ನೋಡಬೇಕಾದದ್ದು ಬೂಸ್ಟರಿಗೆ ಸಿಗುವ ವ್ಯಾಕ್ಯೂಮ್, ಅಂದರೆ ಅದರೊಳಗಿನ ಗಾಳಿಯನ್ನು ಹೊರಕ್ಕೆಳೆಯುವ ಸೆಳೆತ. ಏರ್ ತೆಗೆದರೆ ಗಟ್ಟಿ ಪೆಡಲ್ ಮೆತ್ತಗಾಗುವುದಿಲ್ಲ. ಪ್ಯಾಡ್ ಮೇಲ್ಮೈ ಗಾಜಿನಂತಾದರೂ ಜಾಸ್ತಿ ಒತ್ತಬೇಕಾಗುತ್ತದೆ, ನಿಜ. ಆದರೆ ಅದು ಬಂದು ಹೋಗುವ ತೊಂದರೆಯಲ್ಲ, ಪ್ರತಿ ಸಲವೂ ಇರುತ್ತದೆ.

ಬೂಸ್ಟರ್ ಎಷ್ಟು ಭಾರ ಹೊರುತ್ತದೆ ಅಂತ ಲೆಕ್ಕ ಹಾಕಿದರೆ ಆಕೆಯ ಗಾಬರಿ ಅರ್ಥವಾಗುತ್ತದೆ. ಬೂಸ್ಟರಿನೊಳಗಿನ ಪರದೆ, 9 ಇಂಚು ವ್ಯಾಸದ ಡಯಾಫ್ರಾಮ್, ಅಂದರೆ ಸುಮಾರು 410 ಚದರ ಸೆಂಟಿಮೀಟರ್. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಕೊಳವೆಯಲ್ಲಿ ಸಾಮಾನ್ಯವಾಗಿ 450ರಿಂದ 550 ಮಿ.ಮೀ. ಪಾದರಸದಷ್ಟು ವ್ಯಾಕ್ಯೂಮ್ ಇರುತ್ತದೆ. 500 ಅಂತ ಹಿಡಿದರೂ ಹೊರಗಿನ ಗಾಳಿ ಆ ಡಯಾಫ್ರಾಮನ್ನು ಹತ್ತಿರ ಹತ್ತಿರ 280 ಕೆ.ಜಿ. ಭಾರದಿಂದ ನೂಕಬಲ್ಲದು. ಅದು ಹೋದಾಗ ಉಳಿಯುವುದು ಕಾಲಿನ ಬಲ ಒಂದೇ. ಬ್ರೇಕ್ ಪೂರ್ತಿ ಸತ್ತಿರುವುದಿಲ್ಲ, ಆದರೆ ಮೈಭಾರವೆಲ್ಲ ಹಾಕಿ ತುಳಿಯಬೇಕು. ಅಂಥ ಹೊತ್ತಿನಲ್ಲಿ ಪೆಡಲನ್ನು ಪಂಪ್ ಮಾಡಲೇಬಾರದು, ಉಳಿದಿರುವ ವ್ಯಾಕ್ಯೂಮೂ ಖಾಲಿಯಾಗುತ್ತದೆ. ಎರಡೂ ಕಾಲಿಟ್ಟು ಒಂದೇ ಸಮನೆ ಒತ್ತಿ ಹಿಡಿದು, ಗೇರ್ ಇಳಿಸಬೇಕು. ಎಂಜಿನ್ ಆಫ್ ಮಾಡಕೂಡದು.

ಆವತ್ತು ಮೇಸ್ತ್ರಿ ಪರೀಕ್ಷೆ ಮಾಡಲೇ ಇಲ್ಲ ಅಂದರೆ ತಪ್ಪಾಗುತ್ತದೆ. ಬೂಸ್ಟರಿಗೆ ಮಾಡುವ ಮೂರು ಪರೀಕ್ಷೆಗಳನ್ನೂ ಮಾಡಿದರು. ಎಂಜಿನ್ ಆಫ್ ಇಟ್ಟು ಐದಾರು ಸಲ ತುಳಿದು, ಪೆಡಲ್ ಗಟ್ಟಿಯಾದ ಮೇಲೆ ಕಾಲು ತೆಗೆಯದೆ ಸ್ಟಾರ್ಟ್ ಮಾಡಿದರು. ಪೆಡಲ್ ಒಂದಿಷ್ಟು ಕೆಳಗಿಳಿಯಿತು, ಇಳಿಯಲೇಬೇಕು. ಎರಡು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ನಿಧಾನಕ್ಕೆ ಮೂರು ಸಲ ಒತ್ತಿದರು. ಒಂದಕ್ಕಿಂತ ಇನ್ನೊಂದು ಸಲ ಪೆಡಲ್ ಮೇಲೇ ನಿಂತಿತು, ಅದೂ ಸರಿ. ಒತ್ತಿ ಹಿಡಿದೇ ಎಂಜಿನ್ ನಿಲ್ಲಿಸಿ ಮೂವತ್ತು ಸೆಕೆಂಡು ಕಾದರು, ಪೆಡಲ್ ಅಲ್ಲಾಡಲಿಲ್ಲ. ಬೂಸ್ಟರ್ ಗಾಳಿ ಬಿಡುತ್ತಿಲ್ಲ ಅನ್ನುವುದು ಅಲ್ಲೇ ಖಾತ್ರಿಯಾಗಿತ್ತು. ಆಮೇಲೂ ಬೂಸ್ಟರ್ ಬದಲಿಸುವ ಮಾತೆತ್ತಿದ್ದು ಮಾತ್ರ ಒಪ್ಪುವಂಥದ್ದಲ್ಲ.

ಇದೆಲ್ಲ ನಡೆದದ್ದು ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಕಾರಿನಲ್ಲಿ. ಈಗ ಸರಿ ಇದೆ, ನಿನ್ನೆ ಇರಲಿಲ್ಲ. ಹಾಗಾದರೆ ನಿನ್ನೆಯ ಬಿಸಿ, ನಿನ್ನೆಯ ಹಿಂದೆ ಮುಂದೆ, ಎರಡನ್ನೂ ಮತ್ತೆ ತರಬೇಕು.

ಕೊನೆಗೆ ಬಂದ ಹಿರಿಯ ಮೇಸ್ತ್ರಿ ಮಾಡಿದ್ದು ಅದನ್ನೇ. ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವಿಗೂ ಬೂಸ್ಟರಿಗೂ ನಡುವೆ ಒಂದು ‘ಟಿ’ ಹಾಕಿ, ಪೈಪ್ ಎಳೆದು, ವ್ಯಾಕ್ಯೂಮ್ ಗೇಜನ್ನು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದರು. ಇನ್ನೊಂದು ಗೇಜ್ ಮ್ಯಾನಿಫೋಲ್ಡಿಗೆ. ನಲವತ್ತು ನಿಮಿಷ ಓಡಿಸಿ ಬಂದು, ಐಡ್ಲಿಂಗ್‌ನಲ್ಲೇ ಮೂರು ಸಲ ಬೇಗ ಬೇಗ ಬ್ರೇಕ್ ತುಳಿದರು. ಮ್ಯಾನಿಫೋಲ್ಡಿನ ಮುಳ್ಳು 480ರ ಹತ್ತಿರವೇ ಆಡುತ್ತಿತ್ತು. ಬೂಸ್ಟರ್ ಕಡೆಯದು 200ಕ್ಕೆ ಬಿದ್ದು, ಎರಡು ಮೂರು ಸೆಕೆಂಡಿನಲ್ಲಿ ಮೇಲೇರುವುದು ಬಿಟ್ಟು, ಇಪ್ಪತ್ತು ಸೆಕೆಂಡಾದರೂ ತೆವಳುತ್ತಲೇ ಇತ್ತು. ಎರಡೂ ಮುಳ್ಳು ಒಟ್ಟಿಗೆ ಬಿದ್ದಿದ್ದರೆ ತಪ್ಪು ಎಂಜಿನ್ನಿನದು. ಒಂದೇ ಬಿದ್ದಿತೆಂದರೆ ನಡುವೆ ಎಲ್ಲೋ ದಾರಿ ಕಟ್ಟಿದೆ.

ವಾಲ್ವ್ ಬಿಚ್ಚಿ ಬಾಯಿಂದ ಊದಿದರು. ಬೂಸ್ಟರ್ ಕಡೆಯಿಂದ ಗಾಳಿ ಸಲೀಸಾಗಿ ಹೋಯಿತು, ಎಂಜಿನ್ ಕಡೆಯಿಂದ ಹೋಗಲಿಲ್ಲ. ಹಾಗೇ ಇರಬೇಕು. ಉಳಿದದ್ದು ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ತರುವ ಪೈಪ್, ಅಂದರೆ ಹೋಸ್. ಹೊರಗಿನಿಂದ ನೋಡಿದರೆ ಬಿರುಕಿಲ್ಲ, ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ಬಿಸಿಯಿದ್ದಾಗಲೇ ಬೆರಳಲ್ಲಿ ಹಿಸುಕಿದರೆ ಬಾಳೆದಿಂಡಿನ ಸಿಪ್ಪೆಯ ಹಾಗೆ ಬಳುಕಿತು. ಹಿಂದೆ ಯಾರೋ ಪೆಟ್ರೋಲ್ ಪೈಪನ್ನೇ ಅಳತೆಗೆ ಕತ್ತರಿಸಿ ಹಾಕಿದ್ದರು. ಅಂಥ ಪೈಪ್ ಒಳಗಿನ ಒತ್ತಡವನ್ನು ತಡೆಯುತ್ತದೆ. ವ್ಯಾಕ್ಯೂಮ್ ಅದನ್ನು ಒಳಕ್ಕೆ ಎಳೆದಾಗ, ಅದರಲ್ಲೂ ಬಿಸಿಯಲ್ಲಿ, ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಣ್ಣಗಾದ ಮೇಲೆ ಮತ್ತೆ ದುಂಡಗೆ. ಆಕೆ ಹೇಳಿದ ಒಂದೊಂದು ಮಾತೂ ಇದಕ್ಕೆ ಕೂಡಿಬಂತು.

ಎಲ್ಲ ಕಾರಿನಲ್ಲೂ ಹೋಸೇ ಕಾರಣವಾಗಬೇಕಿಲ್ಲ. ಬ್ರೇಕ್ ಒತ್ತಿದಾಗ ಪೆಡಲ್ ಬುಡದಲ್ಲಿ ‘ಸುಸ್’ ಅಂತ ಸದ್ದು ನಿಲ್ಲದೆ ಬಂದು ಐಡ್ಲಿಂಗ್ ಏರುಪೇರಾದರೆ ಡಯಾಫ್ರಾಮ್ ಹರಿದಿರಬಹುದು. ಹೊರಗೆಲ್ಲೂ ಸೋರದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ, ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ದಾಟಿ ಬೂಸ್ಟರಿನೊಳಕ್ಕೆ ಇಳಿಯುತ್ತಿದೆಯೇ ನೋಡಬೇಕು. ಡೀಸೆಲ್ ಕಾರಿನಲ್ಲಿ ವ್ಯಾಕ್ಯೂಮ್ ಬರುವುದೇ ಪಂಪಿನಿಂದ, ಅದರ ಆಯಿಲ್ ಜಾಲರಿ ಜಿಡ್ಡಿನಿಂದ ಕಟ್ಟಿಕೊಂಡರೂ ಇದೇ ಗೋಳು. ಎಲೆಕ್ಟ್ರಿಕ್ ಪಂಪ್ ಇದ್ದರೆ ಫ್ಯೂಸ್, ರಿಲೇ, ಕನೆಕ್ಟರ್. ಯಾವುದೇ ಇರಲಿ, ದೂರು ಬರೆದುಕೊಳ್ಳುವವರು ಮೂರು ಪ್ರಶ್ನೆ ಕೇಳಲೇಬೇಕು: ಎಂಜಿನ್ ಬಿಸಿಯಿತ್ತೇ, ಅದಕ್ಕೆ ಮುಂಚೆ ಎಷ್ಟು ಸಲ ತುಳಿದಿದ್ದಿರಿ, ಎಷ್ಟು ಹೊತ್ತಿಗೆ ಸರಿಹೋಯಿತು? ಕೇಳುವ ಜಾಗದಲ್ಲಿ ‘ಬ್ರೇಕ್ ಸರಿಯಿಲ್ಲ’ ಅಂತ ಒಂದು ಸಾಲು ಗೀಚಿ ಒಳಗೆ ಕಳಿಸುವುದು ಬ್ರೇಕಿನ ವಿಷಯದಲ್ಲಿ ಕ್ಷಮಿಸುವಂಥ ಉದಾಸೀನವಲ್ಲ.

ವ್ಯಾಕ್ಯೂಮಿಗೆಂದೇ ಬರುವ ದಪ್ಪ ಗೋಡೆಯ ಹೋಸ್ ಹಾಕಿ, ಎರಡೂ ತುದಿಗೆ ಕ್ಲಿಪ್ ಬಿಗಿದರು. ಗೇಜ್ ತೆಗೆಯದೆ ಮತ್ತೆ ಅರ್ಧ ಗಂಟೆ ಓಡಿಸಿ ಬಂದ ಮೇಲೆ ಆಕೆಯನ್ನೇ ಕೂರಿಸಿದರು. ಆಕೆ ಹಿಂದೆ ಮುಂದೆ, ಹಿಂದೆ ಮುಂದೆ, ಎಂಟು ಹತ್ತು ಸಲ ತುಳಿದರು. ಮುಳ್ಳು ಪ್ರತಿ ಸಲ ಚೂರು ಬಿದ್ದು ತಕ್ಷಣ ಏರುತ್ತಿತ್ತು. ಅದರ ಮೇಲಿಂದ ಕಣ್ಣು ತೆಗೆಯದೆ ಆಕೆ, “ಇನ್ನೊಂದು ಸಲ ನೋಡ್ತೀನಿ ಅಣ್ಣಾ” ಅಂದು ಮತ್ತೆ ರಿವರ್ಸ್ ಹಾಕಿದರು.